ಹಸಿರು ಬಳಿದವನು ನಾನು

ಮಾಮಾ,

ಕಾಲಿಗೆ ಬಿದ್ದು ಬರೆಯುತ್ತಿದ್ದೇನೆ ಅಂತ ಶುರು ಮಾಡಬೇಕಿತ್ತು. ಕಾಗದ ಪೂರ್ತಿ ಓದಿದ ಮೇಲೆ ನೀವು ಕಾಲು ಹಿಂದಕ್ಕೆ ಎಳೆದುಕೊಂಡರೆ ಏನು ಮಾಡಲಿ? ಅದಕ್ಕೇ ದೂರ ನಿಂತು ಬರೆಯುತ್ತೇನೆ. ಹಳಿಯಾಳ ರಸ್ತೆಯ ಲೇಔಟಿನ ನಕ್ಷೆ ಕೆಡಿಸಿದವರು ಯಾರು ಅಂತ ಕೇಳಿದರೆ ಸಾಯುವ ತನಕ ನೀವು ಒಬ್ಬರ ಹೆಸರನ್ನೇ ಹೇಳಿದಿರಿ. ಅವರಲ್ಲ ಮಾಮಾ. ನಾನು. ನಿಮ್ಮ ಅಕ್ಕನ ಮಗ. ನೀವೇ ಧಾರವಾಡದಲ್ಲಿ ನಕ್ಷೆ ಬರೆಯುವ ಕೆಲಸ ಕಲಿಸಿ, ನಿಮ್ಮ ಆಫೀಸಿನ ಕಿಟಕಿ ಪಕ್ಕದ ದೊಡ್ಡ ಟೇಬಲ್ಲು ಕೊಟ್ಟು ಕೂರಿಸಿದ ನಾನು.

ನನ್ನನ್ನು ಮೊದಲ ಸಲ ದಾಂಡೇಲಿಗೆ ಕರೆತಂದ ದಿನ ಬಸ್ಸಿನಿಂದ ಇಳಿಯುತ್ತಲೇ ನಾನು ಮೂಗು ಮುಚ್ಚಿಕೊಂಡಿದ್ದೆ. ಕಾಗದದ ಮಿಲ್ಲಿನ ವಾಸನೆ. ನೀವು ನಕ್ಕು, ಈ ವಾಸನೆ ಬರುವ ತನಕ ನಮ್ಮ ಒಲೆ ಉರಿಯುತ್ತದೆ ಅಂದಿದ್ದಿರಿ. ಮಿಲ್ಲಿನ ಕೆಲಸಕ್ಕೆ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರಿಗೆ ಬಿದಿರು ತಟ್ಟಿಯ ಖೋಲಿ ಬಾಡಿಗೆಗೆ ಕೊಟ್ಟು ಶುರು ಮಾಡಿದವರು ನೀವು. ಆಮೇಲೆ ಹಂಚಿನ ಚಾಳ, ಆಮೇಲೆ ಸೈಟು. ಸೂಪಾದಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ ಇಂಜಿನಿಯರುಗಳು, ಗುತ್ತಿಗೆದಾರರು ಬಂದ ಮೇಲಂತೂ ನೀವು ಬೆರಳು ತೋರಿಸಿದ ಹೊಲಕ್ಕೆ ಗಡಿಕಲ್ಲು ಬೀಳುತ್ತಿತ್ತು. ಊರಿಗೆಲ್ಲ ನೀವು ಸಾವ್ಕಾರರು. ಮನೆಯಲ್ಲಿ ಮಾತ್ರ ಅತ್ತೆ ದನಿ ಏರಿಸಿದರೆ ಚಪ್ಪಲಿ ಹುಡುಕುವವರು.

ಚುನಾವಣೆ ಬಂತೆಂದರೆ ಅಂಗಳದಲ್ಲಿ ಜೀಪುಗಳ ಸಾಲು. ಬೇರೆ ಸಾವ್ಕಾರರು ಪಾರ್ಟಿಗೆ ನೋಟು ಕೊಡುತ್ತಾರೆ, ನೀವು ಜೀಪು ಯಾಕೆ ಕೊಡುತ್ತೀರಿ ಅಂತ ಒಮ್ಮೆ ಕೇಳಿದ್ದೆ. ಹೋದ ನೋಟು ತಿರುಗಿ ಮಾತಾಡುವುದಿಲ್ಲ, ಜೀಪು ಸಂಜೆಗೆ ಸುದ್ದಿ ತರುತ್ತದೆ ಅಂದಿರಿ. ಡ್ರೈವರ್ ನಿಮ್ಮವನು. ಅಭ್ಯರ್ಥಿ ಯಾರ ಮನೆಯಲ್ಲಿ ಚಹಾ ಕುಡಿದ, ಯಾರಿಗೆ ಏನು ಮಾತು ಕೊಟ್ಟ, ಎಲ್ಲ ನಿಮಗೆ ಗೊತ್ತು. ಅಣಶಿಯ ಕಾಡಿನೊಳಗಿನ ನಾಲ್ಕು ಮನೆಗಾಗಿಯೂ ಜೀಪು ಕಳಿಸುತ್ತಿದ್ದಿರಿ. ಮುಂಡಗೋಡದ ಟಿಬೆಟನ್ ಕಾಲೊನಿ ಕಡೆ ತಿರುಗಿದರೆ ಮಾತ್ರ ಬೈಗುಳ, ವೋಟಿಲ್ಲದ ಊರಿಗೆ ಡೀಸೆಲ್ ಯಾಕೆ ಅಂತ. ಹೀಗೆ ಎರಡು ಸಲ ನಿಮ್ಮ ಜೀಪಿನಲ್ಲಿ ಓಡಾಡಿ ಗೆದ್ದವರು ನಮ್ಮ ಎಮ್ಮೆಲ್ಲೆ ಸಾಹೇಬರು. ನಿಮ್ಮ ಫೈಲು ಕಾರವಾರದಲ್ಲಿ ವಾರಕ್ಕಿಂತ ಹೆಚ್ಚು ನಿಂತದ್ದನ್ನು ನಾನು ಕಂಡಿಲ್ಲ. ಆದರೂ ಅದು ಬರೀ ಕೊಟ್ಟು ತೆಗೆದುಕೊಳ್ಳುವ ಸ್ನೇಹ ಅಂತ ಹೇಳಲಾರೆ. ನಿಮಗೆ ಮಲೇರಿಯಾ ಬಂದಾಗ ಮೂರು ದಿನ ಮಂಚದ ಪಕ್ಕ ಕೂತು 'ಅಣ್ಣಾ, ಅಣ್ಣಾ' ಅನ್ನುತ್ತಿದ್ದವರು ಅವರೇ ಅಲ್ಲವೇ?

ಟೇಬಲ್ಲಿನ ಮೇಲೆ ನೀವು ನನಗೆ ಕಲಿಸಿದ ಮೊದಲ ಪಾಠ ಬಣ್ಣದ್ದು. ಲೇಔಟಿನ ನಕ್ಷೆಯಲ್ಲಿ ಉದ್ಯಾನಕ್ಕೆ ಜಾಗ ಬಿಡಲೇಬೇಕು, ಅದಕ್ಕೆ ಹಸಿರು ಬಳಿಯಬೇಕು. ನೀರು ನಿಲ್ಲುವಲ್ಲಿ, ಬಂಡೆ ಇರುವಲ್ಲಿ, ಯಾರೂ ಕೊಳ್ಳದಲ್ಲಿ ಬಳಿ ಅಂದಿರಿ. ಹಳಿಯಾಳ ರಸ್ತೆಯ ಹೊಲದಲ್ಲಿ ಹಳ್ಳದ ಕಡೆಯ ಇಳಿಜಾರಿಗೆ ಹಸಿರು, ರಸ್ತೆಗೆ ಹೊಂದಿದ ಮುಂದಿನ ಪಟ್ಟಿಗೆ ಹದಿನಾರು ಸೈಟು. ಎಲ್ಲಕ್ಕಿಂತ ಬೆಲೆ ಬಾಳುವವು ಅವೇ. ಕಾಗದಪತ್ರದಲ್ಲಿ ಆ ಪಟ್ಟಿ ಸಾಗುವಳಿಗೆ ಬಾರದ ಖರಾಬು ಜಮೀನು. ಹೋಗಿ ನೋಡಿದರೆ ಉದ್ದುದ್ದ ಪೇರಿಸಿಟ್ಟ ಕಲ್ಲುಗಳು. ಪಕ್ಕದ ಕೇರಿಯ ಸಿದ್ದಿಗಳು ಮುತ್ತಜ್ಜರ ಕಾಲದಿಂದ ತಮ್ಮವರನ್ನು ಹೂಳುತ್ತ ಬಂದದ್ದು ಅಲ್ಲೇ. ಶಿಲುಬೆಯವರು, ನಮಾಜಿನವರು, ನಮ್ಮ ದೇವರಿಗೆ ಕೈ ಮುಗಿಯುವವರು, ಎಲ್ಲರೂ ಒಂದೇ ನೆಲದಲ್ಲಿ.

ಗಡಿಕಲ್ಲು ಹುಗಿಯಲು ಹೋದ ದಿನ ಇನಾಸ್ ಹಾರೆ ಕೆಳಗಿಟ್ಟು ನಿಂತ. ಆ ಕೇರಿಯವನೇ, ನಿಮ್ಮ ಹತ್ತಿರ ಹನ್ನೆರಡು ವರ್ಷ ದುಡಿದವನು. ನೀವು ಜೀಪಿನಲ್ಲಿ ಕೂತೇ ಯಾಕೆ ಅಂದಿರಿ.

"ಇಲ್ಲಿ ಕಲ್ಲ ಹುಗಿಯಾಕ ಆಗೂದಿಲ್ರಿ ಸಾವ್ಕಾರ್ರ. ಇಲ್ಲಿ ನನ್ನ ಹೇಣ್ತಿ ಅದಾಳ."

ನೀವು ಮೊದಲು ಕೆಟ್ಟ ಮಾತಾಡಲಿಲ್ಲ. ಹಳ್ಳದ ಕಡೆ ಒಂದು ತುಂಡು ಜಾಗ ಪುಕ್ಕಟೆ ಕೊಡುತ್ತೇನೆ, ನಿಮ್ಮವರನ್ನು ಅಲ್ಲಿ ಹೂಳಿ ಅಂದಿರಿ. ಇಲ್ಲಿ ಮಲಗಿದವರನ್ನು ಎಲ್ಲಿಗೆ ಒಯ್ಯಲಿ ಅಂತ ಅವನು ಕೇಳಿದ. ಆಗ ನಿಮಗೆ ಸಿಟ್ಟು ಬಂತು.

"ಸತ್ತವರು ವೋಟ್ ಹಾಕೂದಿಲ್ಲೋ ಇನಾಸ್."

ಜೀಪಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಾವೂ ಹೂಳುವ ಜನವೇ ಅಲ್ಲವೇ ಮಾಮಾ? ಲಿಂಗಾಯತರ ಮನೆಯಲ್ಲಿ ಹುಟ್ಟಿದ ನಿಮಗೆ ಇದನ್ನು ನಾನು ಹೇಳಬೇಕಿತ್ತೇ? ಹೇಳಬೇಕಿತ್ತು. ನಿಮ್ಮೆದುರು ನಿಂತು ಒಂದು ಮಾತಾಡುವಷ್ಟು ಗಂಡಸುತನ ಇದ್ದಿದ್ದರೆ ಮುಂದಿನದು ಯಾವುದೂ... ಇರಲಿ. ಮರುದಿನದಿಂದ ಇನಾಸ್ ಕೆಲಸಕ್ಕೆ ಬರಲಿಲ್ಲ.

ಕಾರವಾರಕ್ಕೆ ಕಳಿಸುವ ಪ್ರತಿ ತಯಾರಾದ ಮಧ್ಯಾಹ್ನ ನೀವು ಉಂಡು ಅಡ್ಡಾಗಿದ್ದಿರಿ. ಮೊದಲ ಪ್ರತಿಯನ್ನು ನೀವು ಗೆರೆಗೆರೆಗೂ ಬೆರಳಿಟ್ಟು ನೋಡುತ್ತೀರಿ, ಕಾರವಾರಕ್ಕೆ ಹೋಗುವ ಎರಡನೆಯದಕ್ಕೆ ನನ್ನ ಮುಖ ನೋಡಿ ಸಹಿ ಹಾಕುತ್ತೀರಿ. ಆ ನಂಬಿಕೆಯನ್ನೇ ನಾನು ಕದ್ದೆ. ಅಲ್ಲಿ ಯಾರೂ ಏನೂ ಕಟ್ಟಬಾರದು ಅಂತ ಮುಂದಿನ ಪಟ್ಟಿಗೆ ಹಸಿರು ಬಳಿದೆ, ಹದಿನಾರು ಸೈಟನ್ನು ಹಳ್ಳದ ಕಡೆಗೆ ತಳ್ಳಿದೆ. ಎರಡು ಕಡೆ ಬಣ್ಣ ಗೆರೆ ದಾಟಿತು. ನೀವು ಎದ್ದು ಬಂದಾಗ ಸಹಿಯ ಮೂಲೆಯಷ್ಟೇ ಕಾಣುವಂತೆ ನಕ್ಷೆಯನ್ನು ಸುತ್ತಿ ಹಿಡಿದಿದ್ದೆ. ಕಣ್ಣುಜ್ಜುತ್ತ ಸಹಿ ಹಾಕಿ ಚಹಾ ತರಲು ಹೇಳಿದಿರಿ.

ಮುದ್ರೆ ಬಿದ್ದ ನಕ್ಷೆ ವಾಪಸು ಬಂದದ್ದು ಚುನಾವಣೆಯ ಪ್ರಚಾರ ಜೋರಾಗಿದ್ದಾಗ. ಬಿಡಿಸಿ ನೋಡಿದ ನಿಮ್ಮ ಕೈ ಹಸಿರಿನ ಮೇಲೆ ನಿಂತುಬಿಟ್ಟಿತು. ಈಗ ನನ್ನ ಕಡೆ ತಿರುಗುತ್ತೀರಿ ಅಂದುಕೊಂಡೆ. ತಿರುಗಲಿಲ್ಲ. ಸಿದ್ದಿಗಳ ವೋಟಿಗಾಗಿ ಎಮ್ಮೆಲ್ಲೆಯೇ ಕಾರವಾರದಲ್ಲಿ ನಕ್ಷೆ ಬದಲಿಸಿದ್ದಾನೆ ಅಂತ ನೀವೇ ತೀರ್ಮಾನಿಸಿದಿರಿ. ಮಧ್ಯಾಹ್ನದೊಳಗೆ ಎಲ್ಲ ಜೀಪುಗಳನ್ನು ವಾಪಸು ಕರೆಸಿದಿರಿ. ಜೋಯಿಡಾದ ಕಾಡುದಾರಿಯಲ್ಲಿ ನಿಮ್ಮ ಡ್ರೈವರ್ ಎಮ್ಮೆಲ್ಲೆ ಸಾಹೇಬರನ್ನು ಕೆಳಗಿಳಿಸಿ ಬಂದ. ಸಂಜೆ ಅವರು ಧೂಳು ಮೆತ್ತಿದ ಬಟ್ಟೆಯಲ್ಲೇ ಮನೆಗೆ ಬಂದರು.

"ಅಣ್ಣಾ, ಲಿಂಗ ಮುಟ್ಟಿ ಹೇಳ್ತೇನಿ, ಆ ಕಾಗದ ನಾ ಕಣ್ಣಿಲೆ ನೋಡಿಲ್ಲ."

"ನಾ ಸತ್ತರ ನನ್ನ ಮಣ್ಣಿಗೂ ಬರಬ್ಯಾಡ," ಅಂದಿರಿ ನೀವು.

ನಾನು ಚಹಾದ ಕಪ್ಪು ಹಿಡಿದು ನಿಮ್ಮಿಬ್ಬರ ನಡುವೆ ನಿಂತಿದ್ದೆ. ಒಂದು ಮಾತು ಸಾಕಿತ್ತು. ಕಪ್ಪನ್ನು ಟೀಪಾಯಿ ಮೇಲಿಟ್ಟು ಒಳಗೆ ಹೋದೆ.

ಅವರು ಸೋತರು. ಗೆದ್ದವನಿಗೆ ನೀವು ಬೇಕಿರಲಿಲ್ಲ. ನಿಮ್ಮ ಫೈಲುಗಳು ಇದ್ದಲ್ಲೇ ನಿಂತವು, ಅಂಗಳದ ಜೀಪುಗಳು ಒಂದೊಂದಾಗಿ ಹೋದವು. ಮೂಲ ನಕ್ಷೆಯನ್ನು ಯಾರೋ ಕಾರವಾರದಲ್ಲಿ ತಿದ್ದಿದ್ದಾರೆ ಅಂತ ನೀವು ಅರ್ಜಿಯ ಮೇಲೆ ಅರ್ಜಿ ಹಾಕಿದಿರಿ. ಅವನ್ನೆಲ್ಲ ನೀವು ಹೇಳಿದಂತೆ ಬರೆದುಕೊಟ್ಟವನು ನಾನೇ. ಎಂಥ ನಾಚಿಕೆಗೆಟ್ಟವನು ನೋಡಿ. ಎದೆನೋವು ಬಂದು ನೀವು ಹೋದಿರಿ. ಕುಣಿಯಲ್ಲಿ ನಿಮ್ಮನ್ನು ಕೂರಿಸಿ ಎಲ್ಲರೂ ಮಣ್ಣು ಹಾಕುವಾಗ ನಿಮ್ಮ ಆ ಗೆಳೆಯರು ಆಚೆ ರಸ್ತೆಯಲ್ಲಿ ಚಪ್ಪಲಿ ಕಳಚಿ ನಿಂತಿದ್ದರು. ಒಳಗೆ ಬರಲಿಲ್ಲ. ನೀವು ಬೇಡ ಅಂದಿದ್ದಿರಲ್ಲ. ನಾನು ಕಂಡೆ, ಕಂಡೂ ಕರೆಯಲಿಲ್ಲ.

ಈಗ ಅತ್ತೆ ನಿಮ್ಮ ಅದೇ ಅರ್ಜಿ ಹಿಡಿದು ಹಳಿಯಾಳದ ಕಚೇರಿಗೆ ಹೋಗಿದ್ದಾರೆ. ನಿಮ್ಮಿಂದ ಕಿತ್ತುಕೊಂಡದ್ದನ್ನು ತಿರುಗಿ ಪಡೆಯಬೇಕು ಅನ್ನುವುದೊಂದೇ ಅವರ ಹಟ. ಅವರು ಗೆದ್ದರೆ ಇನಾಸನ ಹೆಂಡತಿಯ ಮೇಲೆ ಅಂಗಡಿಗಳು ಏಳುತ್ತವೆ. ಸೋಮವಾರ ವಿಚಾರಣೆ, ನಕ್ಷೆ ಬರೆದವನು ಅಂತ ನನ್ನನ್ನೂ ಕರೆದಿದ್ದಾರೆ. ನಿನ್ನೆ ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ತೆಗೆದು ಪಕ್ಕಕ್ಕೆ ಹಾಕಿ ಕೇಳಿದರು.

"ಅವರು ಇದ್ದಾಗ ಯಾಕ ಹೇಳಲಿಲ್ಲ? ಒಂದ ದಿನ ಹೊಡೀತಿದ್ರು, ಮರುದಿನ ಊಟಕ್ಕ ಕರೀತಿದ್ರು. ಗೆಳ್ಯಾನ ಜೋಡಿ ಮಾತ ಬಿಟ್ಟು ಸಾಯ್ತಿದ್ದಿಲ್ಲ."

ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿ ಅಂದೆ. ತೆಗೆದುಕೊಳ್ಳುವುದಿಲ್ಲ, ನೀನೇ ಹತ್ತು ಜನರ ಮುಂದೆ ನಿಂತು ಹೇಳು ಅಂದರು. ಆಮೇಲೆ ನನ್ನ ಮುಖ ನೋಡದೆಯೇ ಬೇರೆ ರೊಟ್ಟಿ ಬಡಿದು ತಾಟಿಗೆ ಹಾಕಿದರು.

ಉಂಡು ನೇರ ಹಳಿಯಾಳಕ್ಕೆ, ನಿಮ್ಮ ಗೆಳೆಯರ ಮನೆಗೆ ಹೋದೆ. ಈಗ ಅವರನ್ನು ಯಾರೂ ಎಮ್ಮೆಲ್ಲೆ ಅನ್ನುವುದಿಲ್ಲ, ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಬೈಯಲಿ, ಹೊಡೆಯಲಿ ಅಂತಲೇ ಹೋಗಿ ಎಲ್ಲ ಹೇಳಿದೆ. ಸೋತ ಚುನಾವಣೆಯ ಮಾತನ್ನೇ ಅವರು ಎತ್ತಲಿಲ್ಲ. ಅಣ್ಣನಿಗೆ ಗೊತ್ತಾಯಿತೇ ಅಂತ ಕೇಳಿದರು, ನೀವು ಒಳಗಿನ ಕೋಣೆಯಲ್ಲಿ ಇದ್ದೀರೋ ಅನ್ನುವ ಹಾಗೆ. ಇಲ್ಲ ಅಂದೆ. ಮುಖ ಮುಚ್ಚಿಕೊಂಡು ಅತ್ತರು ಮಾಮಾ.

ಅದಕ್ಕೇ ಈ ಕಾಗದ. ಈಗ ನಿಮಗೂ ಗೊತ್ತಾಯಿತು. ಸೋಮವಾರ ಇನಾಸನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಿಮ್ಮ ಸಹಿಗೂ ಮೊದಲೇ ಬಳಿದವನು ನಾನು, ಕಾರವಾರದಲ್ಲಿ ಯಾರೂ ತಿದ್ದಿಲ್ಲ ಅಂತ ಹೇಳುತ್ತೇನೆ; ಅದರ ಕೆಳಗೆ ಮಲಗಿದವರು ಇಂಥವರು ಅಂತ ಅವನಿಂದ ಒಬ್ಬೊಬ್ಬರ ಹೆಸರು ಹೇಳಿಸುತ್ತೇನೆ. ಕಚೇರಿಯ ಕೆಲಸ ಮುಗಿದ ಮೇಲೆ ನಿಮ್ಮ ಗೆಳೆಯರನ್ನು ಕರೆದುಕೊಂಡು ನಿಮ್ಮ ಹತ್ತಿರ ಬರುತ್ತೇನೆ. ಅವರು ಒಂದು ಹಿಡಿ ಮಣ್ಣು ಹಾಕಬೇಕಂತೆ. ಬೇಡ ಅನ್ನಬೇಡಿ.