ತಣ್ಣಗಿದ್ದ ರಿವೆಟ್‌ಗಳು

೧೪ ಜುಲೈ ೧೯೮೬, ತಾಷ್ಕೆಂಟ್
ಬೆಳಿಗ್ಗೆ ಕಾರ್ಖಾನೆಯ ಲ್ಯಾಬಿನಲ್ಲಿ ಲೋಹದ ಗಡಸುತನದ ಪರೀಕ್ಷೆ, ಹನ್ನೊಂದು ಮಾದರಿ. ಚಹಾದ ಹೊತ್ತಿಗೆ ಎರಡು ಪದ್ಯ ಓದಿದೆ. ವಿಮಾನದ ರೆಕ್ಕೆಗೆ ತಗಡು ಜೋಡಿಸುವ ಹೊಸ ಅಲ್ಯೂಮಿನಿಯಂ ರಿವೆಟ್ ಬಂದಿವೆ. ತಾಮ್ರ, ಮೆಗ್ನೀಸಿಯಂ ಹಳೆಯವಕ್ಕಿಂತ ಹೆಚ್ಚು. ಕುಲುಮೆಯಿಂದ ನೀರಿಗೆ ಬಿದ್ದಾಗ ಮೆತ್ತಗೆ. ಹೊರಗಿಟ್ಟರೆ ಗಂಟೆಯೊಳಗೆ ತಾವೇ ಗಡಸಾಗುತ್ತವೆ. ಆಮೇಲೆ ಬಡಿದರೆ ತಲೆ ಸೀಳುತ್ತದೆ. ಅದಕ್ಕೇ ಫ್ರೀಜರಿನಲ್ಲಿಡುವುದು.

೧೭ ಜುಲೈ
ನಿನ್ನೆ ಹಗಲು ಐದು ಗಂಟೆ ಕರೆಂಟ್ ಇರಲಿಲ್ಲವಂತೆ, ಫ್ರೀಜರೂ ನಿಂತಿತ್ತಂತೆ. ಯಾರೂ ಹೇಳಲಿಲ್ಲ. ರಿವೆಟ್ ಹೊಡೆಯುವ ಓಯ್ದಿನ್ ಬಂದಳು; ಅವಳಿಗೂ ನಾನು ಓಪಾ, ಅಕ್ಕ.
"ಮಸ್ತುರಾ ಓಪಾ, ಸುತ್ತಿಗೆ ಬೇರೆ ಥರ ಕೂಗ್ತಿದೆ."
ಅವಳ ಏಪ್ರನ್ ಜೇಬಿನಲ್ಲಿ ಕೊರೆದು ತೆಗೆದ ಮೂರು ರಿವೆಟ್ ತಲೆ. ಮಸೂರದಡಿ ನೋಡಿದೆ. ಕೂದಲೆಳೆಯಷ್ಟು ಬಿರುಕು. ಮೂರರಲ್ಲೂ.

೧೮ ಜುಲೈ
ಶಾಪ್ ಮುಖ್ಯಸ್ಥ ಎರ್ಗಶ್ ಅಕಾ, ಎಲ್ಲರಿಗೂ ಅಣ್ಣ, ಫ್ರೀಜರಿನಿಂದ ಒಂದು ಹಿಡಿ ರಿವೆಟ್ ತಂದು ನನ್ನ ಅಂಗೈಗೆ ಸುರಿದರು.
"ಮುಟ್ಟಿ ನೋಡಿ ಓಪಾ, ಕೈ ಕೊರೀತದೆ. ಇದಕ್ಕಿಂತ ತಾಜಾ ಬೇಕಾ?"
"ನಲವತ್ತು ಡಿಗ್ರಿ ಸೆಖೆ, ಐದು ಗಂಟೆ. ಗಡಸಾದ ಮೇಲೆ ತಣ್ಣಗಾಗಿವೆ, ಅಕಾ. ಚಳಿ ತಡೆದು ನಿಲ್ಲಿಸುತ್ತೆ, ಹಿಂದಕ್ಕೆ ತಿರುಗಿಸಲ್ಲ."
"ಪದ್ಯ ಓದಿ ಓದಿ ನಿಮಗೆ ಕಬ್ಬಿಣದಲ್ಲೂ ನಿಟ್ಟುಸಿರು ಕೇಳ್ಸುತ್ತೆ."
"ಇದು ಕಬ್ಬಿಣ ಅಲ್ಲ."
ಎಡ ರೆಕ್ಕೆಯಲ್ಲಿ ಆಗಲೇ ಆರುನೂರು ಹೊಡೆದಾಗಿದೆ. ಕೊರೆದು ತೆಗೆಯಬೇಕು, ಹೊಸದು ಹೊಡೆಯಬೇಕು—ಹದಿನೈದು ದಿನದ ಕೆಲಸ. ತಿಂಗಳ ಕೊನೆಗೆ ವಿಮಾನ ಹಾರಲೇಬೇಕು. ರೆಕ್ಕೆ ಸರಿಯಿದೆ ಎಂಬ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ.
"ಸಹಿಗೆ ನೀವೇ ಬೇಕಂತೇನಿಲ್ಲ," ಎಂದರು. ಮೆಲ್ಲಗೆ.

೨೯ ಜುಲೈ
ಹತ್ತು ದಿನ ಸಮರ್ಕಂದದಲ್ಲಿ. ಇದ್ದಕ್ಕಿದ್ದಂತೆ ನನಗೊಂದು ತರಬೇತಿ ಬೇಕೆನಿಸಿತ್ತು ಎರ್ಗಶ್ ಅಕಾಗೆ... ಇಂದು ಬಂದೆ. ಅದೇ ರಿವೆಟ್‌ಗಳ ಮೇಲೆ ರೆಕ್ಕೆಗೆ ಬಣ್ಣ ಬಿದ್ದಿದೆ. ಕಾಗದದಲ್ಲಿ ಬೇರೊಬ್ಬರ ಸಹಿ. ನಾಳೆ ಪರೀಕ್ಷಾ ಹಾರಾಟ.
ಜೊತೆಗೆ ಹಾರುವ ಮೆಕ್ಯಾನಿಕ್—ನನ್ನ ತಮ್ಮ ಇಲ್ಹೋಮ್.
ಎಲ್ಲ ಹೇಳಿದೆ. ಖರ್ಬೂಜ ಕೊಯ್ಯುತ್ತಲೇ ಕೇಳಿದ.
"ನಾನು ಇಳಿದ್ರೆ ಇನ್ನೊಬ್ಬ ಹತ್ತುತಾನೆ, ಓಪಾ. ಅವನಿಗೂ ಅಕ್ಕ ಇರ್ತಾಳೆ. ವಿಮಾನ ನಿಲ್ಸು. ನನ್ನನ್ನಲ್ಲ."

೩೦ ಜುಲೈ, ೯.೧೦
ಮುಖ್ಯ ಎಂಜಿನಿಯರರ ಕೋಣೆಯ ಹೊರಗೆ ಬೆಂಚಿನ ಮೇಲೆ. ವರದಿ, ಮೂರು ರಿವೆಟ್ ತಲೆ, ಮಸೂರ ಒಳಗೆ ಕಳಿಸಿದ್ದೇನೆ. ಕಾಯುತ್ತಾ ಬರೆಯುತ್ತಿದ್ದೇನೆ.

೯.೩೫
ಕರೆದರು. ಮಸೂರ ಇನ್ನೂ ಅವರ ಕೈಯಲ್ಲಿತ್ತು.
"ಹಾರಾಟ ನಿಲ್ಲಿಸಿ ಅಂತ ನಿಮ್ಮ ಹೆಸರಲ್ಲಿ ಬರೆದುಕೊಡ್ತೀರಾ?"
ಬರೆದುಕೊಟ್ಟೆ. ರನ್‌ವೇ ಗೋಪುರಕ್ಕೆ ಫೋನ್ ಮಾಡಿದರು. ನನಗೆ ಕೂರಲು ಹೇಳಿದರು. ಆಚೆ ಕಡೆ ರಿಂಗಾಗುತ್ತಿದೆ, ಇಲ್ಲಿಗೂ ಕೇಳಿಸುತ್ತದೆ. ಕಿಟಕಿಯಾಚೆ ಎಂಜಿನ್ ಸದ್ದು ಏರಿತು—ನಿಂತಲ್ಲಿನ ಸದ್ದಲ್ಲ, ಹಾರಲು ರನ್‌ವೇಯಲ್ಲಿ ಓಡುವುದರದ್ದು.
ಇನ್ನೂ ರಿಂಗಾಗುತ್ತಿದೆ. ಯಾರೂ ಎತ್ತುತ್ತಿಲ್ಲ.