ಜನ ಹೋದ ಮೇಲೆ ಅವ್ವ

ಸೋನ್ಯಾಳ
ಸೋಮವಾರ, ಜನವರಿ ೧೯

ಅವ್ವಾ,

ನಿನ್ನ ನಂದಾ ಮಾಡುವ ಶರಣು. ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಒಲೆಯ ಮುಂದೆ ಕುಳಿತು ಇನ್ನಷ್ಟು ಕೆಡಿಸಿಕೊಂಡೆಯೋ? ಸೊರಡಿಯಿಂದ ಇಲ್ಲಿಗೆ ಬಸ್ಸು ಹತ್ತಲಾರದವಳು ಆರು ದಿನ ಕೆಂಡದ ಮುಂದೆ ಕುಳಿತಿದ್ದೀಯ. ಎಳ್ಳಿಗೆ ಚಮಚೆ ಚಮಚೆ ಸಕ್ಕರೆ ಪಾಕ ಹನಿಸಿ, ಬೆರಳಿನಿಂದ ಆಡಿಸಿ ಆಡಿಸಿ, ಕಾಳುಕಾಳಿಗೂ ಮುಳ್ಳು ಬರಿಸಿದ್ದೀಯ. ಆ ಕುಸುರೆಳ್ಳು ಪೋಣಿಸಿ ಸರ, ಬಳೆ, ಕಿರೀಟ, ಸೊಂಟಪಟ್ಟಿ ಮಾಡಿ ಕಳಿಸಿದ್ದೀಯ. ಡಬ್ಬಿ ತೆರೆದಾಗ ಒಂದು ಕಾಳೂ ಉದುರಿರಲಿಲ್ಲ. ಇವು ತಿನ್ನುವವೋ ಹಾಕಿಕೊಳ್ಳುವವೋ ಎಂದು ನಿನ್ನ ಮೊಮ್ಮಗಳು ಗೌರಾ ಕೇಳಿದಳು. ಎರಡೂ ಎಂದೆ.

ಹಬ್ಬ ಹೇಗಾಯಿತೆಂದು ನೀನು ಫೋನಿನಲ್ಲಿ ಎರಡು ಸಲ ಕೇಳಿದೆ. ಚಲೋ ಆಯಿತು ಎಂದು ಹೇಳಿ ಇಟ್ಟುಬಿಟ್ಟೆ. ಚಲೋ ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅಳಲು ಶುರು ಮಾಡುತ್ತೀಯ, ನಾನು ಸಮಾಧಾನ ಮಾಡುತ್ತ ಹೇಳಬೇಕಾದ್ದನ್ನೇ ಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ನೀನು ಕಲಿತದ್ದು ಇವತ್ತು ಉಪಯೋಗಕ್ಕೆ ಬರಲಿ. ಬಳೆ ಮಾರುವ ರಾಜಬಿ ನಾಳೆ ನಿಮ್ಮೂರಿಗೆ ಬರುತ್ತಾಳೆ, ಅವಳ ಕೈಯಲ್ಲಿ ಕೊಡುತ್ತೇನೆ. ಒಬ್ಬಳೇ ಕುಳಿತು ಓದು. ಅಣ್ಣನಿಗೆ ಈಗಲೇ ತೋರಿಸಬೇಡ.

ನನಗೆ ಹೇಸಿಗೆ ಬಂದಿದೆ ಅವ್ವಾ. ಶುಕ್ರವಾರದಿಂದ ಅನ್ನ ಬಾಯಿಗೆ ಹೋಗುತ್ತಿಲ್ಲ. ನಿನ್ನ ಅಳಿಯ ಶಿವಪುತ್ರ ಕುಡಿದ ಲೋಟ ತೊಳೆಯುವಾಗ ಬೆರಳ ತುದಿಯಿಂದ ಹಿಡಿಯುತ್ತೇನೆ. ಗಂಡನ ಹೆಸರು ಹಿಡಿದು, ಅದೂ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೈಯಬೇಡ. ಪೂರ್ತಿ ಓದಿದ ಮೇಲೆ ನೀನೂ ಹಾಗೆಯೇ ಕರೆಯುತ್ತೀಯ.

ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಗೌರಾ ಹುಟ್ಟುವಾಗ ನಾನು ನಿನ್ನ ಹತ್ತಿರ ಬರಲಿಲ್ಲ. ನಾದಿನಿ ಸಿದ್ದಲಿಂಗವ್ವಕ್ಕನ ಊರಿಗೆ, ಗಡಿಯ ಆಚೆ ಇಂಡಿ ಕಡೆಗೆ ಹೋದೆ. ಅಲ್ಲಿಯ ಡಾಕ್ಟರು ಭಾಳ ಚಲೋ ಎಂದು ನಿನಗೆ ಹೇಳಿದ್ದೆ. ನೀನು ಮುನಿಸಿಕೊಂಡು ಮೂರು ತಿಂಗಳು ಮಾತು ಬಿಟ್ಟೆ. ಅದು ಡಾಕ್ಟರ ಮಾತಲ್ಲ. ಇಲ್ಲಿ ಮಹಾರಾಷ್ಟ್ರದಲ್ಲಿ ಮೂರು ಮಕ್ಕಳಾದವರು ಪಂಚಾಯತಿ ಚುನಾವಣೆಗೆ ನಿಲ್ಲುವ ಹಾಗಿಲ್ಲ. ಶಿವಪುತ್ರನಿಗೆ ಆಗಿನಿಂದಲೇ ಖುರ್ಚಿಯ ಹುಚ್ಚು. ದೊಡ್ಡ ಮಗಳು, ಆಮೇಲೆ ರಾಜಕುಮಾರ, ಇಬ್ಬರು ಸಾಕು ಎಂದುಕೊಂಡಿದ್ದಾಗ ಗೌರಾ ಹೊಟ್ಟೆಯಲ್ಲಿ ಬಂದಳು. ತೆಗೆಸು ಎಂದ. ನಾನು ಒಲ್ಲೆ ಎಂದೆ. ಆಗ ಈ ದಾರಿ ಹುಡುಕಿದ.

ಆ ಸಣ್ಣ ಆಸ್ಪತ್ರೆಯಲ್ಲಿ ನನ್ನ ಹೆಸರನ್ನು ಸಿದ್ದಲಿಂಗವ್ವ ಎಂದು ಬರೆಸಿದರು. ಹೆರಿಗೆಯ ಕೋಣೆಯ ಬಾಗಿಲಲ್ಲಿ ನಿಂತು ನರ್ಸ್ ಸಿದ್ದಲಿಂಗವ್ವಾ ಎಂದು ಕೂಗಿದಾಗ, ಅಷ್ಟು ನೋವಿನಲ್ಲೂ ನಾನು ಓ ಎಂದೆ. ಕಾಗದದ ಮೇಲೆ ಗೌರಾಳ ತಾಯಿ ನಾದಿನಿ, ತಂದೆ ನಾದಿನಿಯ ಗಂಡ ತಮ್ಮಣ್ಣ. ಜನನ ದಾಖಲೆ, ಆಧಾರ್ ಕಾರ್ಡು, ಎಲ್ಲದರಲ್ಲೂ ಹಾಗೆಯೇ. ಕಾಗದ ಏನಾದರೂ ಹೇಳಲಿ, ಕೂಸು ನನ್ನ ಮಡಿಲಲ್ಲಿದೆಯಲ್ಲ ಎಂದು ಸುಮ್ಮನಾದೆ. ಹಟ ಮಾಡಿ ಗೌರಾ ಎಂದು ನಿನ್ನ ಹೆಸರನ್ನಷ್ಟೇ ಇಡಿಸಿಕೊಂಡೆ.

ಊರಿಗೆ ಗೊತ್ತಿಲ್ಲವೇ ಎನ್ನುತ್ತೀಯ. ಏಳು ತಿಂಗಳ ಹೊಟ್ಟೆ ಹೊತ್ತು ಇದೇ ಓಣಿಯಲ್ಲಿ ನೀರು ತಂದವಳು ನಾನು. ಎಲ್ಲರಿಗೂ ಗೊತ್ತು. ಎದುರು ಪಾರ್ಟಿಯ ಶಿದ್ರಾಯನ ಮನೆಯಲ್ಲೂ ಇಂಥದೇ ಒಂದು ಕೂಸು ಚಿಕ್ಕಪ್ಪನ ಹೆಸರಿನಲ್ಲಿ ಬೆಳೆಯುತ್ತಿದೆ. ಅವರು ಇವರದನ್ನು ಎತ್ತುವುದಿಲ್ಲ, ಇವರು ಅವರದನ್ನು ಎತ್ತುವುದಿಲ್ಲ. ಇಷ್ಟು ಒಗ್ಗಟ್ಟನ್ನು ಈ ಊರಿನಲ್ಲಿ ನೀರಿನ ಟ್ಯಾಂಕರ್ ವಿಷಯದಲ್ಲೂ ನಾನು ಕಂಡಿಲ್ಲ.

ಈ ಸಲ ಪಂಚಾಯತ ಸಮಿತಿಯ ನಮ್ಮ ಜಾಗ ಹೆಂಗಸರಿಗೆ ಬಂದಿತು. ಅಂದರೆ ನನಗೆ. ನನ್ನನ್ನು ಯಾರೂ ಕೇಳಲಿಲ್ಲ. ಜತ್ತಿನಿಂದ ಫೋಟೋದವನನ್ನು ಕರೆತಂದು ಕೈಮುಗಿದು ನಿಲ್ಲು ಎಂದರು, ನಿಂತೆ. ಎಷ್ಟು ಬೆಳ್ಳಗೆ ಮಾಡಿದ್ದಾರೆಂದರೆ ರಾಜಕುಮಾರ ಅದನ್ನು ನೋಡಿ ಇವರು ಯಾರು ಎಂದು ಕೇಳಿದ.

ಚುನಾವಣೆಯ ಹೊತ್ತಿನಲ್ಲಿ ಸುಮ್ಮನೆ ಹೆಂಗಸರನ್ನು ಕೂಡಿಸಿ ಉಡುಗೊರೆ ಹಂಚಿದರೆ ತಕರಾರು ಬರುತ್ತದೆ, ಮನೆಯಲ್ಲಿ ಕೂಸಿನ ಕಾರ್ಯ ಎಂದರೆ ಯಾರೂ ಮಾತಾಡುವುದಿಲ್ಲ. ಸಂಕ್ರಾಂತಿ ಬಂತು, ಐದು ವರ್ಷದೊಳಗಿನ ಕೂಸಿಗೆ ಕರಿ ಬಟ್ಟೆ ತೊಡಿಸಿ ತಲೆಯ ಮೇಲೆ ಬಾರಿಹಣ್ಣು ಎರೆಯುವ ಪದ್ಧತಿ ಇದ್ದೇ ಇದೆ. ದೊಡ್ಡವರಿಬ್ಬರಿಗೆ ಆ ವಯಸ್ಸು ದಾಟಿದೆ. ಉಳಿದವಳು ಗೌರಾ. ತನ್ನ ಮಗಳಲ್ಲ ಎಂದು ಬರೆಸಿದವಳನ್ನೇ ಅಂಗಳದ ನಡುವೆ ಕೂರಿಸಿ, ಅಕ್ಕನ ಮಗಳಿಗೆ ಸೋದರಮಾವ ಮಾಡಿಸುವ ಕಾರ್ಯ ಎಂದು ಊರಿಗೆಲ್ಲ ಹೇಳಿ ಕಳಿಸಿದ. ಹೀಗೆ ಒಮ್ಮೆ ಜನರ ಮುಂದೆ ಗಟ್ಟಿಯಾದರೆ ಮುಂದೆ ಯಾರೂ ಬಾಯಿ ತೆಗೆಯುವುದಿಲ್ಲ ಎಂಬುದು ಅವನ ಎಣಿಕೆ. ನಿನಗೆ ಮಾತ್ರ ನಾನು ಮೊಮ್ಮಗಳ ಕಾರ್ಯ ಎಂದಷ್ಟೇ ಹೇಳಿದೆ. ನೀನು ಹೋಗಿ ಕೆಂಡದ ಮುಂದೆ ಕುಳಿತೆ.

ನಾಲ್ಕು ದಿನ ಮೊದಲೇ ಪಾಠ ಶುರುವಾಯಿತು. ಅಪ್ಪನಿಗೆ ಮಾಮಾ ಎನ್ನಬೇಕು, ನನಗೆ ಅತ್ತಿ ಎನ್ನಬೇಕು, ಸಿದ್ದಲಿಂಗವ್ವಕ್ಕನಿಗೆ ಅವ್ವ ಎನ್ನಬೇಕು. ಸರಿಯಾಗಿ ಹೇಳಿದರೆ ಒಂದು ಚಾಕಲೇಟು. ತಪ್ಪಿದರೆ ಅವನ ಮುಷ್ಟಿ ಮುಚ್ಚುತ್ತಿತ್ತು. ನಾಯಿಮರಿಗೂ ಯಾರೂ ಹೀಗೆ ಕಲಿಸುವುದಿಲ್ಲ. ಮೂರನೆಯ ದಿನಕ್ಕೆ ಗೌರಾ ಒಂದೂ ತಪ್ಪಲಿಲ್ಲ. ಭಾಳ ಶಾಣ್ಯಾ ಇದ್ದಾಳೆ ಎಂದು ಅವಳ ಬೆನ್ನು ಚಪ್ಪರಿಸಿದ. ನಾನು ಅಲ್ಲೇ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡೆ. ಒಂದು ರೊಟ್ಟಿಯೂ ಸೀದುಹೋಗಲಿಲ್ಲ.

ಶುಕ್ರವಾರ ಇಳಿಹೊತ್ತಿಗೆ ಅಂಗಳ ತುಂಬಿತು. ಬಾಗಿಲಿಗೆ ಫ್ಲೆಕ್ಸ್. ಅದರಲ್ಲಿ ಗೌರಾಳ ಫೋಟೋ ಸಣ್ಣದು, ಕೈಮುಗಿದ ನನ್ನದು ದೊಡ್ಡದು, ನನಗಿಂತ ದೊಡ್ಡದು ಶಿವಪುತ್ರನದು. ಮುದ್ದಿನ ಭಾಚಿಗೆ, ಅಂದರೆ ಅಕ್ಕನ ಮಗಳಿಗೆ, ಮಾಮನ ಆಶೀರ್ವಾದ ಎಂದು ಮರಾಠಿಯಲ್ಲಿ ಬರೆಸಿದ್ದ. ಮಣೆಯ ಮೇಲೆ ಕರಿ ಫ್ರಾಕಿನ ಗೌರಾ, ಅವಳ ಹಿಂದೆ ತಾಯಿಯ ಜಾಗದಲ್ಲಿ ಸಿದ್ದಲಿಂಗವ್ವಕ್ಕ. ಪಾಪ, ಆ ಹೆಂಗಸು ಸೆರಗಿನಿಂದ ಮುಖ ಒರೆಸುತ್ತಲೇ ಕುಳಿತಿದ್ದಳು. ನಾನು ಬಂದವರಿಗೆ ಅರಿಶಿನ ಕುಂಕುಮ ಹಚ್ಚಿ ಸ್ಟೀಲಿನ ಡಬ್ಬಿ ಕೊಡುತ್ತಿದ್ದೆ. ಡಬ್ಬಿಯ ಮುಚ್ಚಳಕ್ಕೂ ನನ್ನ ಬಿಳಿ ಮೋರೆ ಅಂಟಿಸಿದ್ದರು. ಶಿವಪುತ್ರ ಮೈಕಿನಲ್ಲಿ, ಕೂಸಿನ ಮೈಮೇಲಿನ ಕುಸುರೆಳ್ಳಿನ ಒಡವೆಗಳು ಸೋದರಮಾವನ ಮನೆಯಲ್ಲಿ ಮಾಡಿದವು ಎಂದು ಹೇಳಿದ. ನಿನ್ನ ಆರು ದಿನ, ನಿನ್ನ ಮೊಣಕಾಲು, ಎಲ್ಲ ಒಂದು ಮಾತಿನಲ್ಲಿ ಅವನ ಮನೆಯದಾಯಿತು.

ಹಣ್ಣು ಎರೆಯುವುದು ಒಂದು ಸಲ ಮುಗಿಯಬೇಕಿತ್ತು. ವಿಡಿಯೋ ಸರಿ ಬರಲಿಲ್ಲವೆಂದು ಮೂರು ಸಲ ಎರೆಸಿದರು. ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ, ಹಸಿ ಕಡಲೆಯ ಸುಲಗಾಯಿ. ಹಣ್ಣಿಗಿಂತ ಹೆಚ್ಚು ಗಟ್ಟಿ ಚಾಕಲೇಟು. ಕೂಸು ಮೊದಲ ಸಲ ನಕ್ಕಿತು, ಎರಡನೆಯ ಸಲ ಕಣ್ಣು ಮುಚ್ಚಿಕೊಂಡಿತು, ಮೂರನೆಯ ಸಲ ಯಾರೋ ಬೀಸಿ ಒಗೆದ ಚಾಕಲೇಟು ಹುಬ್ಬಿಗೆ ಬಡಿಯಿತು. ಗೌರಾ ಅಳುತ್ತ ಎದ್ದು ಎರಡೂ ಕೈ ಚಾಚಿ ನನ್ನ ಕಡೆಗೆ ಓಡಿ ಬಂದಳು. ಎರಡು ಹೆಜ್ಜೆ ಉಳಿದಾಗ ನಿಂತುಬಿಟ್ಟಳು. ಸುತ್ತ ಜನರನ್ನು ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ಅತ್ತಿ ಎಂದಳು.

ನನ್ನ ಕೈಯಲ್ಲಿ ಡಬ್ಬಿಗಳ ಪೇರಿ ಇತ್ತು ಅವ್ವಾ. ಅದನ್ನು ಕೆಳಗಿಡಲಿಲ್ಲ. ಸಿದ್ದಲಿಂಗವ್ವಕ್ಕ ಎದ್ದು ಬಂದು ಅವಳನ್ನು ಎತ್ತಿಕೊಂಡಳು.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ನಾನು ನಿನಗೆ ಬರೆಯುತ್ತಲೂ ಇರಲಿಲ್ಲ. ಸಂಖ ಊರಿನ ಕಡೆಯಿಂದ ಒಬ್ಬ ಮುದುಕಿ ಬಂದಿದ್ದಳು, ಅವಳಿಗೆ ನಮ್ಮ ಮನೆಯ ಕಥೆ ಗೊತ್ತಿಲ್ಲ. ಸೋದರಮಾವ, ಸೊಸೆ ಎಂದ ಮೇಲೆ ನಮ್ಮ ಕಡೆ ಎಲ್ಲರೂ ಆಡುವ ಚೇಷ್ಟೆಯನ್ನೇ ಅವಳೂ ಆಡಿದಳು. ಗೌರಾಳ ಗಲ್ಲ ಹಿಡಿದು, "ಯಾಕ ಅಳ್ತಿಯವಾ, ನಿನ್ನ ಲಗ್ನಾ ಆಗಾಂವ ಇಲ್ಲೇ ನಿಂತಾನ ನೋಡು" ಎಂದು ಶಿವಪುತ್ರನನ್ನು ತೋರಿಸಿದಳು. ಗೊತ್ತಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಹೆತ್ತ ಅಪ್ಪ ಆ ಕ್ಷಣ ಏನಾದರೂ ಅಂದಾನು ಎಂದು ಕಾದೆ. ವಿಡಿಯೋ ನಡೆದಿತ್ತಲ್ಲ, ಅವನು ಹಲ್ಲು ಕಿಸಿದ. ನನ್ನನ್ಯಾಕ ಕೇಳ್ತೀರಿ, ಆಕಿನ್ನ ಕೇಳ್ರಿ ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅದನ್ನು ಬರೆಯದೆ ಬಿಟ್ಟರೆ ಈ ಪತ್ರ ಸುಳ್ಳಾಗುತ್ತದೆ. ನಾನೂ ನಕ್ಕೆ.

ರಾಜಬಿ ಒಬ್ಬಳು ನಗಲಿಲ್ಲ. ಬಂದ ಹೆಂಗಸರಿಗೆ ಬಳೆ ಇಡಲು ಅವಳನ್ನು ಕೂರಿಸಿದ್ದರು. ಗೌರಾಳ ಕೈಗೆ ಸಣ್ಣ ಬಳೆ ಏರಿಸುತ್ತ, ಅವಳು ಅಳು ತಡೆದು ಇನ್ನೊಮ್ಮೆ ನನ್ನನ್ನು ಅತ್ತಿ ಎಂದು ಕರೆದಾಗ, ರಾಜಬಿ ತಲೆ ಎತ್ತದೆ ಹೇಳಿದಳು: "ನಂದವ್ವಾ, ಏಳ ತಿಂಗಳದಾಗ ನಿನ್ನ ಕೈಗೆ ಹಸರ ಬಳಿ ಇಟ್ಟಾಕಿ ನಾನು. ನನ್ನ ಮುಂದರ ಈ ಕೂಸಿನ ಬಾಯಿಲೆ ಹಿಂಗ ಅನಿಸಬ್ಯಾಡ." ಗೌರಾಳ ಬಳೆಗೆ ಏನು ಕೊಟ್ಟರೂ ಅವಳು ಮುಟ್ಟಲಿಲ್ಲ.

ಜನ ಹೋದ ಮೇಲೆ ನೋಡಿದರೆ ನಿನ್ನ ಒಡವೆಗಳು ಕಾಲಡಿ ಪುಡಿಯಾಗಿದ್ದವು. ಕಿರೀಟವನ್ನು ಯಾರೋ ತುಳಿದಿದ್ದರು. ಅಂಗಳದ ತುಂಬ ಸಕ್ಕರೆಯ ಅಂಟು, ಹಣ್ಣಿನ ಬೀಜ, ಅದಕ್ಕೆ ಇರುವೆ ಮುತ್ತಿ ಕರ್ರಗಾಗಿತ್ತು. ಲಗೂನ ಕಸ ಹೊಡಿ ಎಂದು ಹೇಳಿ ಶಿವಪುತ್ರ ವಿಡಿಯೋ ನೋಡುತ್ತ ಕುಳಿತ. ಕಸ ಹೊಡೆದೆ. ಮುರಿಯದೆ ಉಳಿದ ಒಂದು ಎಳ್ಳಿನ ಬಳೆಯನ್ನು ನಿನ್ನ ಡಬ್ಬಿಯಲ್ಲಿಟ್ಟಿದ್ದೇನೆ.

ಗೌರಾಳ ಕೂದಲಿಗೆ ಪಾಕ ಅಂಟಿ ಜಡೆಗಟ್ಟಿತ್ತು. ಬಚ್ಚಲಲ್ಲಿ ಕೂರಿಸಿ ಬಿಸಿನೀರು ಹಾಕುತ್ತಿದ್ದೆ. ಹುಬ್ಬಿನ ಮೇಲೆ ಬಾರಿಹಣ್ಣಿನಷ್ಟೇ ದಪ್ಪ ಗಂಟು. ಅವಳು ಮುಖದ ಮೇಲಿನ ನೀರು ಒರೆಸಿಕೊಂಡು ಬಾಗಿಲ ಕಡೆ ನೋಡಿದಳು. ಆಮೇಲೆ ಪಿಸುಮಾತಿನಲ್ಲಿ ಕೇಳಿದಳು: "ಎಲ್ಲಾರೂ ಹ್ವಾದ್ರೇನು? ಈಗ ಅವ್ವ ಅನ್ಲಿ?"

ಅನ್ನು ಎಂದೆ. ಇನ್ನೊಂದು ತಂಬಿಗೆ ನೀರು ಹಾಕಿದೆ.

ಮರುದಿನ ಶಿವಪುತ್ರ ಅರ್ಜಿಯ ಜೊತೆ ಕೊಡುವ ಕಾಗದ ತಂದು ಮುಂದಿಟ್ಟ. ಎಷ್ಟು ಮಕ್ಕಳು ಎಂದು ನಾನೇ ಬರೆದು ಸಹಿ ಮಾಡಬೇಕು. ಇಬ್ಬರು ಎಂದು ಬರೆ ಎಂದ. ಗೌರಾಳ ಗತಿ ಏನು ಎಂದು ಕೇಳಿದೆ. "ಆಕಿಗೇನ ಕಡಿಮಿ ಆಗೇತಿ? ನಾಳೆ ನೀ ಸಭಾಪತಿ ಆದ್ರ ಆಕೀನೂ ಸಭಾಪತಿ ಮನಿ ಸೊಸಿ ಅನಿಸ್ಕೋತಾಳ" ಎಂದ. ಮುಂದಿನ ವರ್ಷ ಅವಳನ್ನು ಸಾಲೆಗೆ ಹಾಕಬೇಕು. ಅಲ್ಲಿ ಒಮ್ಮೆ ಬೇರೆಯವರ ಮಗಳೆಂದು ಹೆಸರು ಬಿದ್ದರೆ ಜನ್ಮವಿಡೀ ಅದೇ. ಹೌದು ಎಂದರೆ ಮಗಳು ಹೋದಳು, ಒಲ್ಲೆ ಎಂದರೆ ಈ ಮನೆ ಹೋಯಿತು, ಜೊತೆಗೆ ಸಿದ್ದಲಿಂಗವ್ವಕ್ಕನಿಗೂ ಕೇಸಿನ ಕಾಟ. ನೋಡೋಣ ಎಂದಿದ್ದೇನೆ. ಸಹಿ ಮಾಡಿಲ್ಲ. ಪೆನ್ನು ಹಿಡಿಯಲು ಕೈ ಏಳುತ್ತಿಲ್ಲ. ಅರ್ಜಿ ಕೊಡಲು ಬುಧವಾರ ಜತ್ತಿಗೆ ಹೋಗಬೇಕು.

ಗೌರಾ ಹುಟ್ಟಿದಾಗ ಬಾಣಂತನಕ್ಕೆ ನಿನ್ನ ಮನೆಗೆ ಬರಲಿಲ್ಲವೆಂದು ಸಿಟ್ಟು ಮಾಡಿದ್ದೆಯಲ್ಲ, ಆ ಸಿಟ್ಟು ಇನ್ನೂ ಉಳಿದಿದ್ದರೆ ಬಿಟ್ಟುಬಿಡು. ಈ ವಾರದಲ್ಲಿ ಬಂದರೂ ಬಂದೆ. ನಾವಿಬ್ಬರೇ ಬರುತ್ತೇವೋ, ದೊಡ್ಡ ಮಕ್ಕಳನ್ನೂ ಕರೆತರುತ್ತೇನೋ ತಿಳಿಯದು. ಪಡಸಾಲೆಯಲ್ಲಿನ ಜೋಳದ ಚೀಲಗಳನ್ನು ಸರಿಸಿ ಸ್ವಲ್ಪ ಜಾಗ ಮಾಡಿಡು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ಮಗಳು
ನಂದಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹೊಡೆದು ಹಾಕಬಹುದಿತ್ತು, ಆದರೆ ನಾನು ಎಂಥವಳೆಂದು ನಿನಗೆ ಗೊತ್ತಿರಲಿ. ಸಹಿ ಆಗಿದೆ. ಕಾಗದ ತಂದದ್ದು ಶನಿವಾರವಲ್ಲ, ಗುರುವಾರ, ನಿನ್ನ ಡಬ್ಬಿ ಬಂದ ದಿನವೇ. ಇಬ್ಬರು ಮಕ್ಕಳು ಎಂದು ನನ್ನ ಕೈಯಿಂದಲೇ ದುಂಡಗೆ ಬರೆದೆ. ಇಷ್ಟುದ್ದ ಬರೆದ ಹೇಸಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲಿನದು. ಆದರೆ ಅರ್ಜಿಯನ್ನು ಚುನಾವಣೆಯ ಸಾಹೇಬರ ಕೈಗೆ ನಾನೇ ಕೊಡಬೇಕಂತೆ. ಬುಧವಾರ ಗೌರಾಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತೇನೆ. ಶಿವಪುತ್ರ ಖುಷಿಯಾಗಿದ್ದಾನೆ, ಕೂಸಿದ್ದರೆ ಫೋಟೋ ಚಂದ ಬರುತ್ತದಂತೆ. ಅಲ್ಲಿ ಭಾಳ ಜನ ಇರುತ್ತಾರೇನು ಎಂದು ಗೌರಾ ಕೇಳಿದಳು. ಇರುತ್ತಾರೆ ಎಂದೆ. ಹಾಗಾದರೆ ನಿನಗೆ ಏನೆಂದು ಕರೆಯಲಿ ಎಂದಳು. ಅವ್ವ ಎಂದು ಕರೆ, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಕರೆ ಎಂದು ಹೇಳಿದ್ದೇನೆ. ಅವಳು ಕರೆದರೆ ನಾನು ಓ ಎನ್ನುತ್ತೇನೆ.