ನಿನ್ನ ಶೂಟಿಂಗಿಗೆ ಮಗ್ಗ ನಿಲ್ಲಿಸಿದ ದಿನ

ದೊಡ್ಡಬಳ್ಳಾಪುರ
9-2-2025

ಸಂತೋಷಣ್ಣನಿಗೆ ಚೌಡೇಶ್ವರಿಯ ನಮಸ್ಕಾರ.

ನಾವು ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದನ್ನು ಬಸ್ ಸ್ಟ್ಯಾಂಡಿನ ಕಟೌಟಿನಲ್ಲಿ ದಿನಾ ನೋಡುತ್ತೇನೆ. ಶೂಟಿಂಗ್ ಮುಗಿದ ವಾರವೇ ಬರೆಯಬೇಕಿತ್ತು, ತಡವಾಯಿತು. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮಗ್ಗಕ್ಕೆ ನಿಂತವಳು ನಾನು, ಪತ್ರ ಬರೆದು ಅಭ್ಯಾಸವಿಲ್ಲ. ಎದುರಿಗೆ ನಿಂತು ಬೈಯುವ ಧೈರ್ಯವಂತೂ ಮೊದಲಿನಿಂದಲೂ ಇಲ್ಲ.

ನಿನ್ನೆ ನಿನ್ನ ಮ್ಯಾನೇಜರ್ ಫೋನ್ ಮಾಡಿದ್ದ. ಸಿನಿಮಾದ ಹಾಡು ಬಿಡುಗಡೆಗೆ ಅಪ್ಪನನ್ನು ಸ್ಟೇಜಿಗೆ ಕರೆತರಬೇಕಂತೆ. "ಸರ್ ಗುರುಗಳ ಕಾಲಿಗೆ ಬೀಳ್ತಾರೆ ಮೇಡಂ, ಎಮೋಷನಲ್ ಆಗಿರುತ್ತೆ. ವೀಲ್‌ಚೇರ್ ನಾವೇ ತರ್ತೀವಿ" ಅಂದ. ಅಪ್ಪ ಹೋಗುತ್ತೇನೆ ಅನ್ನುತ್ತಾರೆ. ನಾನು ಕಳಿಸುವುದಿಲ್ಲ. ಅದಕ್ಕೇ ಈ ಪತ್ರ.

ದೊಡ್ಡಮ್ಮ ತೀರಿಕೊಂಡ ಮೇಲೆ ನೀನು ಬೆಳೆದದ್ದು ನಮ್ಮ ಮನೆಯಲ್ಲಿ. ಮಗ್ಗದ ಸದ್ದನ್ನೂ ಮೀರಿ ಕೇಳುವ ಹಾಗೆ ಹಾಡಲು ಕಲಿಸಿದ್ದು ಅಪ್ಪ. ಗಣೇಶನ ಹಬ್ಬದ ಆರ್ಕೆಸ್ಟ್ರಾಕ್ಕೆ ಕೈ ಹಿಡಿದು ಕರೆದುಕೊಂಡು ಹೋದದ್ದೂ ಅವರೇ. ನೀನು ಟಿವಿಯಲ್ಲಿ ಗೆದ್ದೆ, ಆಮೇಲೆ ಹೀರೋ ಆದೆ. ಕೊಟ್ಟ ಸಂದರ್ಶನಗಳಲ್ಲೆಲ್ಲಾ "ನಂಗೆ ಯಾರೂ ಕಲಿಸಿಲ್ಲ" ಅಂದೆ. ಈಗ ನೇಕಾರನ ಪಾತ್ರ ಸಿಕ್ಕಿದ ಮೇಲೆ ಗುರು ಬೇಕಾದರು.

ನಮ್ಮ ಬೀದಿಯಲ್ಲಿ ಶೂಟಿಂಗ್ ನಡೆದ ದಿನ ನಿಮ್ಮವರು ಸದ್ದಾಗುತ್ತೆ ಅಂತ ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಇಲ್ಲಿ ಕರೆಂಟ್ ಇದ್ದೂ ಮಗ್ಗ ನಿಂತರೆ ಬೀದಿಯಲ್ಲಿ ಸಾವಾಗಿದೆ ಅಂತ ಅರ್ಥ. ಅದನ್ನು ನೀನಾದರೂ ಅವರಿಗೆ ಹೇಳಬೇಡವೇ? ಹಿಂದಿನ ಬೀದಿಯ ಪ್ರಮೋದಕ್ಕ ಹಾರ ಹಿಡಿದು, ಅಳುತ್ತಾ ನೇರ ನಮ್ಮ ಬಾಗಿಲಿಗೇ ಬಂದಳು. ಲಕ್ವ ಹೊಡೆದು ಮಲಗಿರುವವರು ಅಪ್ಪ ಒಬ್ಬರೇ ತಾನೆ!

"ಯಾವಾಗ ಹೋದ್ರೇ ವೆಂಕಟರಮಣಪ್ಪನೋರು?"

ಅಪ್ಪ ಒಳಗಿನಿಂದಲೇ, "ಇನ್ನೂ ಹೋಗಿಲ್ಲ ಕಣಮ್ಮ. ಹಾರ ಅಲ್ಲಿಡು, ಸಂತೋಷ ಬರ್ತಾನೆ, ಅವನಿಗೆ ಹಾಕೋಣ" ಅಂದರು.

ಶೇವ್ ಮಾಡಿಸಿಕೊಂಡರು. ಬಿಳಿ ಶರ್ಟ್ ಹಾಕಿಸಿಕೊಂಡು, ದಿಂಬಿಗೆ ಒರಗಿ ಬಾಗಿಲು ನೋಡುತ್ತಾ ಕೂತರು. ನೀನು ಮೂರು ಮನೆ ಆಚೆ ಇದ್ದೆ. ಸಂಜೆ ಮಗ್ಗಗಳು ಮತ್ತೆ ಶುರುವಾದಾಗ "ಹೊರಟುಹೋದ ಅನ್ಸುತ್ತೆ" ಅಂದರು, ಅಷ್ಟೇ. ಶರ್ಟ್ ಬಿಚ್ಚಲು ಮಾತ್ರ ಬಿಡಲಿಲ್ಲ.

ಕ್ಯಾಮರಾ, ಮ್ಯಾನೇಜರ್ ಎಲ್ಲ ಬಿಟ್ಟು, ಒಬ್ಬನೇ ಬಂದು ಅಪ್ಪನ ಪಕ್ಕ ಸ್ವಲ್ಪ ಹೊತ್ತು ಕೂರುವುದಾದರೆ ಬಾ. ಇಲ್ಲದಿದ್ದರೆ ಸ್ಟೇಜಿಗೆ ಯಾರಾದರೂ ಮುದುಕರ ಪಾತ್ರ ಮಾಡುವವರನ್ನು ಹುಡುಕಿಕೋ. ನಿಮ್ಮಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ.

ದೇವರು ನಿನ್ನ ಗಂಟಲು ಕಾಪಾಡಲಿ. ಅದರಲ್ಲಿ ಅಪ್ಪನ ಪಾಲೂ ಇದೆ.

ಇಂತಿ ನಿನ್ನ ತಂಗಿ,
ಚೌಡೇಶ್ವರಿ

ತಾ.ಕ.: ಆವತ್ತು ಶೂಟಿಂಗ್ ಜಾಗಕ್ಕೆ ಮಜ್ಜಿಗೆ ಲೋಟ ಹಿಡಿದು ಬಂದವಳು ನಾನೇ. ಅಪ್ಪ ಕಾಯುತ್ತಿದ್ದಾರೆ ಅಂತ ಹೇಳಲು ಬಂದಿದ್ದೆ, ಬಾಯಿ ಬರಲಿಲ್ಲ. ನೀನು ಮಜ್ಜಿಗೆ ಕುಡಿದು, ನನ್ನ ಹೆಗಲ ಮೇಲೆ ಕೈ ಹಾಕಿ ಯಾರದೋ ಫೋನಿನ ಫೋಟೋಕ್ಕೆ ನಕ್ಕೆ. "ಹೆಸರೇನಮ್ಮಾ?" ಅಂತ ಕೇಳಿದೆ. ನಾನು ಹೇಳಿದೆ. ನೀನು "ಒಳ್ಳೆ ಹೆಸರು" ಅಂದೆ.